ನೆರೆಹೊರೆ: ಬಾಡಿಗೆಗೆ ಬಂದವರ ಪತ್ತು

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆದೋರುತ್ತಿದೆ. ವಾಸ್ಕೋದವರು ಕೇಳಿದ್ದಾರೆ, ಮಡಗಾಂವದವರು ಕೇಳಿದ್ದಾರೆ, ಮಾಪುಸಾದಿಂದ ತಾಯಿಯೊಬ್ಬರು ತುಸು ಕಳವಳದಿಂದಲೇ ಕೇಳಿದ್ದಾರೆ. ಮೇಲ್ಮಹಡಿಯನ್ನು ಬಾಡಿಗೆಗೆ ಕೊಡಬೇಕಾಗಿದೆ. ಕೇಳಿಕೊಂಡು ಬಂದವರ ‘ಸಿಬಿಲ್’ ನೋಡದೆ ಕೊಡಬಾರದೆಂದು ಮಕ್ಕಳು ಹೇಳುತ್ತಾರೆ. ನೋಡುವುದು ಸರಿಯೆ, ನೋಡಿದರೆ ಎಷ್ಟಿದ್ದರೆ ಸಾಕು?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಈ ಪ್ರಶ್ನೆಯನ್ನು ಕೇಳುವ ಸ್ಥಾನಕ್ಕೆ ನಾವು ಬಂದೆವೆಂಬುದೇ ಸಣ್ಣ ಸಂಗತಿಯಲ್ಲ. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯಾದ ತರುವಾಯ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಘಟ್ಟ ಇಳಿದು ಬಂದ ನಮ್ಮ ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳ ಸೀಮೆಯ ಜನ ಬಂದರಿನಲ್ಲಿ, ಗಣಿಗಳಲ್ಲಿ, ರಸ್ತೆಯ ಕೆಲಸದಲ್ಲಿ ಮೈ ಮುರಿದು ದುಡಿದರು. ಬೈನಾದ ಮರಳಿನ ಮೇಲೆ ಗುಡಿಸಲು ಹಾಕಿಕೊಂಡವರೆಷ್ಟೋ, ಅವು ಕಿತ್ತುಹೋದದ್ದನ್ನು ಕಣ್ಣಾರೆ ಕಂಡವರೆಷ್ಟೋ. ‘ಘಾಟಿಯವರು’ ಎಂಬ ಒಂದು ಮಾತಿನಲ್ಲಿಯೇ ಅನೇಕ ಮನೆಗಳ ಬಾಗಿಲು ನಮಗೆ ಮುಚ್ಚುತ್ತಿದ್ದುವು. ಅಂಥವರ ಪೈಕಿ ಕೆಲವರು ಹೊಟ್ಟೆ ಬಟ್ಟೆ ಕಟ್ಟಿ ತುಂಡು ನೆಲ ಕೊಂಡರು, ಮನೆ ಕಟ್ಟಿಸಿದರು, ಮನೆಯ ಮೇಲೊಂದು ಮನೆ ಕಟ್ಟಿಸಿದರು. ಈಗ ಬಾಗಿಲಿನ ಒಳಗಡೆ ನಿಂತವರು ನಾವು; ಹೊರಗಡೆ ನಿಂತು ಚಿಲಕ ಬಡಿಯುವವರು ಬೇರೆ ಯಾರೋ, ಬಹಳ ಸಲ ನಮ್ಮವರೇ.

ಕಾಗದ ಬರೆದವರಿಗೆ ಉತ್ತರ ಕೊಡುವ ಮುನ್ನ ನನ್ನ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ಹೇಳುವುದು ಪ್ರಾಮಾಣಿಕವೆನಿಸುತ್ತದೆ. ಅದರಲ್ಲಿ ನನ್ನ ತಪ್ಪೂ ಉಂಟು.

ವಾಸ್ಕೋದ ಹೊರವಲಯದಲ್ಲಿರುವ ನಮ್ಮ ಮನೆಯ ಮೇಲ್ಭಾಗದಲ್ಲಿ ಎರಡು ಕೋಣೆ, ಅಡಿಗೆಮನೆ ಉಂಟು. ಹಿಂದಿನ ಬಾಡಿಗೆದಾರರು ವರ್ಗವಾಗಿ ಹೋದ ಮೇಲೆ ಗೇಟಿಗೆ ಹಲಗೆ ತೂಗುಹಾಕಿದೆವು. ತಿಂಗಳ ಬಾಡಿಗೆ 14,000 ರೂಪಾಯಿ ಎಂದು ನಿಶ್ಚಯಿಸಿದೆವು. ಬಂದವರನ್ನು ಆರಿಸುವ ಹೊಣೆಯನ್ನು ಮಗ ವಹಿಸಿಕೊಂಡ. “ಅಪ್ಪಾ, ನೀವು ಮುಖ ನೋಡಿ ಮನೆ ಕೊಡುವವರು. ಈಗ ಹಾಗೆ ನಡೆಯುವುದಿಲ್ಲ. 750ಕ್ಕಿಂತ ಕಡಿಮೆ ಇದ್ದವರಿಗೆ ಬೇಡವೆಂದೇ ಹೇಳಿಬಿಡೋಣ” ಎಂದ. ಅವನು ಬ್ಯಾಂಕಿನ ಸಾಲದಲ್ಲಿ ಕಾರು ಕೊಂಡವನು. ಆ ಸಂಖ್ಯೆಯ ಮಹಿಮೆಯನ್ನು ಬಲ್ಲವನು. ನಾನು ಹೂಂಗುಟ್ಟಿದೆ.

ಮೊದಲು ಬಂದವರು ಬಾದಾಮಿ ತಾಲೂಕಿನ ಕಡೆಯ ಗೌಂಡಿಯೊಬ್ಬರು, ಹೆಂಡತಿ ಮತ್ತು ಮಗಳೊಡನೆ. ಗೋವೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಮಗಳನ್ನು ಹತ್ತಿರದ ಕನ್ನಡ ಶಾಲೆಗೆ ಕಳಿಸಬೇಕೆಂಬುದೇ ಅವರು ನಮ್ಮ ಬೀದಿಗೆ ಬಂದ ಕಾರಣ. ಮಗ ಅವರ ಮೊಬೈಲಿನಲ್ಲಿಯೇ ಅವರಿಂದ ವರದಿ ತೆಗೆಸಿದ. ಸಂಖ್ಯೆ ಇರಬೇಕಾದ ಸ್ಥಳದಲ್ಲಿ −1 ಎಂದಿತ್ತು. “ಸೊನ್ನೆಗಿಂತ ಕೆಳಗಿದೆಯಲ್ಲ!” ಎಂದು ಮಗ ನನ್ನ ಮುಖ ನೋಡಿದ. ನಾನೂ ಹಾಗೆಯೇ ತಿಳಿದೆ. ಮನೆ ಬೇರೆಯವರಿಗೆ ಮಾತಾಗಿದೆಯೆಂದು ಒಂದು ಸುಳ್ಳು ಹೇಳಿ ಕಳಿಸಿದೆವು. ಆ ಮನುಷ್ಯನಿಗೆ ಸುಳ್ಳು ತಿಳಿಯದೆ ಇರಲಿಲ್ಲ. ಮೆಟ್ಟಿಲು ಇಳಿಯುತ್ತ ತಿರುಗಿ ನಿಂತು, “ಯಾರ ಹಂತ್ಯಾಕೂ ಒಂದ ರೂಪಾಯಿ ಸಾಲ ಮಾಡಿಲ್ರಿ ಕಾಕಾರ, ಅದಽ ತಪ್ಪಾತೇನ್ರಿ?” ಎಂದರು.

ಅದು ಅಕ್ಷರಶಃ ನಿಜವಾಗಿತ್ತೆಂಬುದು ನನಗೆ ಆ ರಾತ್ರಿ ತಿಳಿಯಿತು. ನಿದ್ದೆ ಬಾರದೆ ಮಗನನ್ನು ಕೂರಿಸಿಕೊಂಡು ಆ ವರದಿಯ ಒಳಹೊರಗನ್ನು ಓದಿಸಿದೆ. ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ನಮ್ಮಲ್ಲಿ ಅನೇಕರು ಅದೇ ತಪ್ಪನ್ನು ಮಾಡುತ್ತಿರಬಹುದು.

ನಾವು ಸಿಬಿಲ್ ಎಂದು ಕರೆಯುವುದು 2000ದಲ್ಲಿ ಸ್ಥಾಪನೆಯಾದ ಒಂದು ಸಂಸ್ಥೆಯ ಹೆಸರು. ಅಂಥ ಸಂಸ್ಥೆಗಳು ಈಗ ನಾಲ್ಕು ಇವೆ. 2005ರ ಒಂದು ಕಾಯಿದೆಯ ಕೆಳಗೆ, ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆಯಲ್ಲಿ ಅವು ನಡೆಯುತ್ತವೆ. ಬ್ಯಾಂಕುಗಳೂ ಸಾಲ ಕೊಡುವ ಇತರ ಕಂಪನಿಗಳೂ ತಮ್ಮ ಸಾಲಗಾರರು ಕಂತು ಕಟ್ಟಿದರೆ, ತಪ್ಪಿದರೆ, ಎಷ್ಟು ದಿನ ತಡಮಾಡಿದರೆಂಬ ಲೆಕ್ಕವನ್ನು ಅಲ್ಲಿಗೆ ಒಪ್ಪಿಸುತ್ತವೆ. ಆ ಲೆಕ್ಕದಿಂದ 300ರಿಂದ 900ರವರೆಗಿನ ಒಂದು ಸಂಖ್ಯೆ ಹುಟ್ಟುತ್ತದೆ. ಸಾಲವನ್ನೇ ಮಾಡದವನ, ಕ್ರೆಡಿಟ್ ಕಾರ್ಡನ್ನೇ ಹಿಡಿಯದವನ ಲೆಕ್ಕ ಅಲ್ಲಿಗೆ ಹೋಗುವುದೇ ಇಲ್ಲ. ಅವನ ಹೆಸರಿನ ಮುಂದೆ −1 ಎಂದು ಬರೆಯುತ್ತಾರೆ. ಅದು ಸೊನ್ನೆಗಿಂತ ಕೀಳು ಎಂಬ ಅರ್ಥದ ಅಂಕವಲ್ಲ. ಈ ಮನುಷ್ಯನ ವಿಷಯ ನಮಗೇನೂ ತಿಳಿಯದು ಎಂಬುದರ ಗುರುತು ಮಾತ್ರ. ಬ್ಯಾಂಕುಗಳಿಗೇ ರಿಸರ್ವ್ ಬ್ಯಾಂಕು ಹೇಳಿರುವ ಮಾತುಂಟು: ಮೊದಲ ಸಲ ಸಾಲ ಕೇಳುವವನನ್ನು ಹಿಂದಿನ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು. ಸಾಲ ಕೊಡುವವರಿಗೇ ಸಲ್ಲದ ಕಾರಣ ಮನೆ ಕೊಡುವವನಿಗೆ ಸಂದೀತೆ?

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ನಾವು ಕೊಡುವ ಮನೆಯ ಬಾಡಿಗೆ ಸಾಮಾನ್ಯವಾಗಿ ಆ ವರದಿಯಲ್ಲಿ ಬರುವುದಿಲ್ಲ. ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ಬಾಡಿಗೆ ಕೊಟ್ಟವನಿಗೆ ಅಲ್ಲಿ ಒಂದು ಅಂಕವೂ ಸಿಗದು. ಆರು ತಿಂಗಳ ಬಾಡಿಗೆ ಮುಳುಗಿಸಿ ರಾತ್ರೋರಾತ್ರಿ ಹೋದವನ ಒಂದು ಅಂಕವೂ ಅಲ್ಲಿ ಇಳಿಯದು. ನಮ್ಮ ಭಿಶಿಯ ಹಣವನ್ನು ತಿಂಗಳು ತಿಂಗಳು ತುಂಬುವ ಹೆಣ್ಣುಮಕ್ಕಳ ಶಿಸ್ತೂ ಅದರಲ್ಲಿ ಕಾಣಿಸದು. ಹೀಗಿರುವಾಗ ಆ ಸಂಖ್ಯೆಯನ್ನು ಹಿಡಿದು ಬಾಡಿಗೆದಾರನನ್ನು ತೂಗುವುದೆಂದರೆ ಈಜು ಬರುತ್ತದೆಯೇ ಎಂದು ತಿಳಿಯಲು ಸೈಕಲ್ ಹೊಡೆಸಿ ನೋಡಿದಂತೆ. ಸೈಕಲ್ ಹೊಡೆಯಬಲ್ಲವನ ಮೈಯಲ್ಲಿ ಕಸುವಿದೆಯೆಂದು ತಿಳಿಯಬಹುದು, ಅಷ್ಟೇ.

ಕನ್ನಡದಲ್ಲಿ ಇದಕ್ಕೆ ಹಳೆಯ, ಒಳ್ಳೆಯ ಮಾತು ಉಂಟು: ಪತ್ತು. ಪತ್ತಿನ ಸಹಕಾರಿ ಸಂಘ ಎಂಬ ಹಲಗೆಯನ್ನು ಉತ್ತರ ಕರ್ನಾಟಕದ ಯಾವ ಊರಿನಲ್ಲಿ ನೋಡಿಲ್ಲ? ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾದದ್ದು ಗದಗ ತಾಲೂಕಿನ ಕಣಗಿನಹಾಳದ್ದು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದನ್ನು ಕಟ್ಟಿದರು. ಅದರ ಹಿಂದಿನ ವರ್ಷ ಬಂದ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳ ಹೊಣೆಗಾರಿಕೆ ಅಪರಿಮಿತವಾದದ್ದು. ಎಂದರೆ ಒಬ್ಬನು ಸಾಲ ಮುಳುಗಿಸಿದರೆ ಉಳಿದವರೆಲ್ಲರೂ ಹೊಣೆ. ಆದುದರಿಂದ ಒಬ್ಬೊಬ್ಬರ ಪತ್ತನ್ನೂ ಊರೇ ಅಳೆಯುತ್ತಿತ್ತು. ಮಳೆ ಹೋಗಿ ಕಂತು ತಪ್ಪಿದವನು ಬೇರೆ, ಇಸ್ಪೀಟಿನಲ್ಲಿ ಕಳೆದು ಕಂತು ತಪ್ಪಿದವನು ಬೇರೆ ಎಂಬುದು ಕಟ್ಟೆಯ ಮೇಲೆ ಕುಳಿತ ಎಲ್ಲರಿಗೂ ಗೊತ್ತಿರುತ್ತಿತ್ತು. ಹಾಗೆಂದು ಆ ಕಾಲವೇ ಚೆನ್ನಾಗಿತ್ತೆಂದು ಹೇಳಲಾರೆ. ಊರು ಅಳೆಯುವಾಗ ಜಾತಿಯನ್ನೂ ಅಳೆಯುತ್ತಿತ್ತು, ಕೇರಿಯನ್ನೂ ಅಳೆಯುತ್ತಿತ್ತು. ಮೊಬೈಲಿನ ಸಂಖ್ಯೆಗೆ ಆ ದೋಷವಿಲ್ಲ. ಆದರೆ ಮಳೆ ಹೋದದ್ದು ಯಾವುದು, ಇಸ್ಪೀಟು ಯಾವುದು ಎಂಬ ವಿವೇಚನೆಯೂ ಅದಕ್ಕಿಲ್ಲ.

ಈ ಮಾತು ನನಗೆ ಹೊಳೆಯಲು ಕಾರಣರಾದವರು ನಮ್ಮಲ್ಲಿಗೆ ಮೂರನೆಯವರಾಗಿ ಬಂದ ಚಾಲಕರು. ಎರಡನೆಯವರ ಮಾತನ್ನು ಬೇಗ ಮುಗಿಸುತ್ತೇನೆ. ಅವರು ಎಳೆಯ ದಂಪತಿಗಳು, ಒಳ್ಳೆಯ ನೌಕರಿ, ಸಂಖ್ಯೆ 782. ಮಗನಿಗೆ ಬಹಳ ಸಂತೋಷವಾಯಿತು. ಆದರೆ ವರದಿಯ ಮೊದಲ ಪುಟ ಬಿಟ್ಟು ಒಳಗೆ ಹೋದರೆ ಕಾರಿನ ಸಾಲ, ಮದುವೆಯ ಸಾಲ, ಮೊಬೈಲಿನ ಸಾಲ, ಮೂರು ಕಾರ್ಡು. ಅವರೇ ಸಂಕೋಚವಿಲ್ಲದೆ ಹೇಳಿದಂತೆ ಇಬ್ಬರ ಸಂಬಳ ಸೇರಿ 72,000, ಕಂತುಗಳು 41,000. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಕಟ್ಟುತ್ತಾರೆ, ಅದಕ್ಕೇ ಆ ಸಂಖ್ಯೆ. ಒಂದು ತಿಂಗಳು ಕೈ ಬಿಗಿಯಾದರೆ ಅವರು ಮೊದಲು ಯಾವುದನ್ನು ನಿಲ್ಲಿಸುವರು? ಕಂತು ತಪ್ಪಿದರೆ ವರದಿಯಲ್ಲಿ ದಾಖಲಾಗುತ್ತದೆ. ಬಾಡಿಗೆ ತಪ್ಪಿದರೆ ದಾಖಲಾಗುವುದಿಲ್ಲ. ಇದು ಅವರ ದೋಷವೆಂದು ಹೇಳುತ್ತಿಲ್ಲ, ಲೆಕ್ಕ ಹಾಗಿದೆ. ನಾವು ಎರಡು ದಿನ ಅವಕಾಶ ಕೇಳುವುದರೊಳಗೆ ಅವರಿಗೆ ಚಿಖಲಿಯಲ್ಲಿ ಬೇರೆ ಮನೆ ದೊರೆಯಿತು. ಅಂಥವರಿಗೆ ಮನೆ ಸಿಗುವುದು ಕಷ್ಟವಲ್ಲ.

ಚಾಲಕರ ಸಂಖ್ಯೆ 611 ಇತ್ತು. ಮೂಲತಃ ಹಳಿಯಾಳದ ಕಡೆಯವರು. ಬಹಳ ವರ್ಷ ಕುಡಚಡೆಯಲ್ಲಿ ಇದ್ದು ಅದಿರಿನ ಟ್ರಕ್ಕು ಓಡಿಸಿದವರು. ವಾಚಕರಲ್ಲಿ ಸಾವರ್ಡೆ, ಕುಡಚಡೆ, ಡಿಚೋಲಿ ಕಡೆಯವರಿಗೆ ಮುಂದಿನ ಕಥೆ ಹೇಳಬೇಕಾಗಿಲ್ಲ. 2012ರ ಸೆಪ್ಟೆಂಬರಿನಲ್ಲಿ ಗೋವಾ ಸರಕಾರ ಗಣಿಗಾರಿಕೆಯನ್ನು ತಡೆಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತಡೆಯೂ ಬಂದಿತು. 2014ರಲ್ಲಿ ವರ್ಷಕ್ಕೆ ಎರಡು ಕೋಟಿ ಟನ್ನುಗಳ ಮಿತಿಯೊಡನೆ ಕೋರ್ಟು ಅನುಮತಿ ಕೊಟ್ಟಿತು. ಮರುವರ್ಷ ಗಣಿಗಳು ಮತ್ತೆ ಬಾಯ್ತೆರೆದುವು. ಇನ್ನು ಕಷ್ಟ ಕಳೆಯಿತೆಂದು ನಂಬಿ ಅವರು ಫೈನಾನ್ಸ್ ಕಂಪನಿಯ ಸಾಲದಿಂದ ಸ್ವಂತದ ಟ್ರಕ್ಕು ಕೊಂಡದ್ದು 2017ರಲ್ಲಿ. 2018ರ ಫೆಬ್ರವರಿ 7ರಂದು ಕೋರ್ಟು 88 ಗಣಿಗಳ ಗುತ್ತಿಗೆಯ ನವೀಕರಣವನ್ನು ರದ್ದುಮಾಡಿತು. ಮಾರ್ಚ್ ನಡುವಿನಲ್ಲಿ ಎಲ್ಲವೂ ನಿಂತವು. ಕೋರ್ಟಿನ ತೀರ್ಪಿಗೆ ಕಾರಣಗಳಿದ್ದುವು; ಕೆಂಪು ಧೂಳು ನುಂಗಿದ ಹಳ್ಳಿಗಳವರನ್ನು ಕೇಳಿದರೆ ಅವು ತಿಳಿಯುತ್ತವೆ. ಆದರೆ ನಿಂತ ಟ್ರಕ್ಕಿನ ಕಂತು ನಿಲ್ಲುವುದಿಲ್ಲವಲ್ಲ.

ವರದಿಯಲ್ಲಿ ಪ್ರತಿ ಸಾಲಕ್ಕೂ ತಿಂಗಳುಗಳ ಒಂದು ಪಟ್ಟಿ ಇರುತ್ತದೆ. ಆ ತಿಂಗಳಿನಲ್ಲಿ ಕಂತು ಎಷ್ಟು ದಿನ ತಡವಾಗಿತ್ತೆಂಬುದನ್ನು ಅಲ್ಲಿ ನಮೂದಿಸಿರುತ್ತಾರೆ. 000 ಎಂದರೆ ತಡವಿಲ್ಲ. 90 ದಾಟಿತೆಂದರೆ ಬ್ಯಾಂಕಿನವರ ಭಾಷೆಯಲ್ಲಿ ಅದು ಅನುತ್ಪಾದಕ ಸಾಲ. ಚಾಲಕರು ಜೋಪಾನವಾಗಿ ಇಟ್ಟುಕೊಂಡಿದ್ದ ಹಳೆಯ ವರದಿಯೊಂದನ್ನೂ ನಮಗೆ ತೋರಿಸಿದರು. ಅದರಲ್ಲಿ 2018ರ ಮಾರ್ಚ್‌ವರೆಗೆ ಸಾಲಾಗಿ ಸೊನ್ನೆಗಳು. ಏಪ್ರಿಲಿನಿಂದ 30, 60, 90, 120. ಒಂದು ಹಳ್ಳಿಯ ಬಾವಿ ಬತ್ತಿದ್ದನ್ನು ಅಂಕೆಗಳಲ್ಲಿ ಬರೆದಂತೆ ನನಗೆ ಕಂಡಿತು. 2020ರಲ್ಲಿ ಟ್ರಕ್ಕು ಮಾರಿ, ಇದ್ದಷ್ಟು ತುಂಬಿ, ಕಂಪನಿಯೊಡನೆ ರಾಜಿಮಾಡಿಕೊಂಡರು. ಆಗ ಕಂಪನಿ ಸಾಲದ ಮುಂದೆ ಬರೆದದ್ದು ‘ಸೆಟಲ್ಡ್’ ಎಂದು.

ಈ ಒಂದು ಶಬ್ದದ ಅರ್ಥ ನಮ್ಮವರಲ್ಲಿ ಬಹುಮಂದಿಗೆ ತಿಳಿದಿಲ್ಲ. ಪೂರ್ತಿ ತೀರಿಸಿದ ಸಾಲದ ಮುಂದೆ ‘ಕ್ಲೋಸ್ಡ್’ ಎಂದಿರುತ್ತದೆ. ಒಂದಿಷ್ಟು ಬಿಟ್ಟುಕೊಟ್ಟು ಮುಗಿಸಿದ್ದಕ್ಕೆ ‘ಸೆಟಲ್ಡ್’. ಬರಲಾರದೆಂದು ಕೈಬಿಟ್ಟದ್ದಕ್ಕೆ ‘ರಿಟನ್ ಆಫ್’. ರಾಜಿಪತ್ರಕ್ಕೆ ಸಹಿ ಹಾಕಿ ಋಣ ಹರಿಯಿತೆಂದು ದೇವರಿಗೆ ಕಾಯಿ ಒಡೆಸಿದವರೂ ಇದ್ದಾರೆ. ಆ ಕಲೆ ವರುಷಗಟ್ಟಲೆ ಉಳಿಯುತ್ತದೆ. ಈ ಮಾಹಿತಿಯನ್ನು ಕಡಿಮೆಯೆಂದರೆ ಏಳು ವರ್ಷ ಕಾಪಾಡಬೇಕೆಂಬುದು ನಿಯಮ. ಉಳಿದ ಹಣವನ್ನು ತುಂಬಿ ಸಾಲ ಕೊಟ್ಟವರಿಂದಲೇ ಅದನ್ನು ‘ಕ್ಲೋಸ್ಡ್’ ಎಂದು ಬದಲಾಯಿಸಿಕೊಳ್ಳಬಹುದು. ನಮ್ಮ ಚಾಲಕರಲ್ಲಿ ಆ ಹಣ ಇರಲಿಲ್ಲ.

ಹಾಗಾದರೆ ಅವರನ್ನು ಏನೆಂದು ನಂಬುವುದು? ಇಲ್ಲಿ ನನಗೆ ನೆರವಾದದ್ದು ನಮ್ಮದೇ ಹಳೆಯ ನೆನಪು. 1983ರಲ್ಲಿ ನಾನೂ ನಮ್ಮ ಮನೆಯವರೂ ಕೈಗೂಸಿನೊಡನೆ ವಾಸ್ಕೋದಲ್ಲಿ ಬಾಡಿಗೆಗೆ ಮನೆ ಹುಡುಕುತ್ತಿದ್ದೆವು. ಕ್ರಿಶ್ಚನ್ ಬಾಯಿಯೊಬ್ಬರು ನಮ್ಮ ಮಾತನ್ನೆಲ್ಲ ಕೇಳಿಕೊಂಡು, ನಾಳೆ ಬನ್ನಿ ಎಂದರು. ಆ ದಿನ ಸಂಜೆ ಅವರು ತಮ್ಮ ಮಗನನ್ನು ನಾವು ಆಗ ಇದ್ದ ಬೀದಿಯ ಕಿರಾಣಿ ಅಂಗಡಿಗೆ ಕಳಿಸಿದ್ದರಂತೆ. ಈ ಮನುಷ್ಯ ಉದ್ರಿ ಎಷ್ಟು ಒಯ್ಯುತ್ತಾನೆ, ಪಗಾರದ ದಿನ ಚುಕ್ತಾ ಮಾಡುತ್ತಾನೆಯೆ ಎಂಬೆರಡೇ ಪ್ರಶ್ನೆ. ಅಂಗಡಿಯವನು ಕೆಂಪು ವಹಿಯನ್ನೇ ತೆರೆದು ತೋರಿಸಿದನಂತೆ. ಅದರಲ್ಲಿ ಎರಡು ತಿಂಗಳು ಬಾಕಿ ಉಳಿದದ್ದೂ ಇತ್ತು. ಹೆರಿಗೆಯ ಖರ್ಚಿನ ತಿಂಗಳುಗಳು ಅವು. ಮೂರನೆಯ ತಿಂಗಳು ಚುಕ್ತಾ ಆಗಿತ್ತು. ಮರುದಿನ ಬಾಯಿ ಕೀಲಿಕೈ ಕೊಟ್ಟು, “ಮಗು ಹೇಗಿದೆ?” ಎಂದು ಮಾತ್ರ ಕೇಳಿದರು. ಅವರು ಬಾಕಿಯನ್ನೂ ನೋಡಿದ್ದರು, ಬಾಕಿಯ ಹಿಂದುಮುಂದನ್ನೂ ನೋಡಿದ್ದರು.

ಚಾಲಕರ ವಿಷಯದಲ್ಲಿ ನಾವು ಮಾಡಿದ್ದೂ ಇಷ್ಟೇ. ಕುಡಚಡೆಯ ಹಿಂದಿನ ಮನೆಯ ಒಡೆಯರಿಗೆ ಫೋನು ಮಾಡಿದೆವು. ಈಗಿನ ಒಡೆಯರಿಗಲ್ಲ, ಬಾಡಿಗೆದಾರ ತೊಲಗಿದರೆ ಸಾಕೆಂದುಕೊಂಡವನು ಹೊಗಳಿಯೂ ಕಳಿಸುತ್ತಾನೆ. ಅದಕ್ಕೂ ಹಿಂದಿನವರ ಮಾತು ನಿಷ್ಪಕ್ಷಪಾತವಾಗಿರುತ್ತದೆ. ಆ ಗೃಹಸ್ಥರು ಕೊಂಕಣಿಯಲ್ಲಿ ಹೇಳಿದ್ದರ ತಾತ್ಪರ್ಯ: ಗಣಿ ನಿಂತ ವರ್ಷ ಬಾಡಿಗೆಯನ್ನು ಎರಡು ಹಪ್ತೆಯಲ್ಲಿ ಕೊಡುತ್ತಿದ್ದರು, ಆದರೆ ಯಾವ ತಿಂಗಳೂ ಬಿಡಲಿಲ್ಲ, ತಡವಾಗುವುದಾದರೆ ತಾವೇ ಬಂದು ಹೇಳುತ್ತಿದ್ದರು. ಈಗ ಅವರು ಬಂದರಿಗೆ ಹೋಗುವ ಕಂಟೇನರ್ ಗಾಡಿ ಓಡಿಸುತ್ತಾರೆ, ಸಂಬಳ ಬ್ಯಾಂಕಿಗೆ ಬರುತ್ತದೆ, ಹಿರಿಯ ಮಗನ ಗಳಿಕೆಯೂ ಉಂಟು, ಹೊಸ ಸಾಲವಿಲ್ಲ. ಬಾಡಿಗೆ ಆದಾಯದ ಮೂರರಲ್ಲೊಂದು ಪಾಲಿನೊಳಗೆ ಬರುತ್ತದೆ. ಮನೆ ಕೊಟ್ಟೆವು. ಎರಡು ತಿಂಗಳ ಬಾಡಿಗೆಯನ್ನು ಠೇವಣಿಯಾಗಿ ತೆಗೆದುಕೊಂಡೆವು. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಹೇಳಿರುವ ಮಿತಿಯೂ ಅಷ್ಟೇ. ಅದು ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಜಾರಿಗೆ ಬರುವಂಥದು, ಆದರೆ ಅಳತೆ ನ್ಯಾಯವಾದದ್ದು. ಪತ್ತು ಕಡಿಮೆಯಿದ್ದವನೆಂದು ಆರು ತಿಂಗಳ ಠೇವಣಿ ಕೇಳುವವರೂ ಉಂಟು. ಕೈಯಲ್ಲಿ ಹಣವಿಲ್ಲದವನಿಂದಲೇ ಹೆಚ್ಚು ಹಣ ಕೇಳುವ ಈ ಕ್ರಮ ನನಗೆ ಅರ್ಥವಾಗದು.

ಕಾಗದ ಬರೆದವರು ಕೇಳಿದ ಮಿಕ್ಕ ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮನೆಯ ಒಡೆಯನಿಗೆ ಬೇರೆಯವರ ವರದಿಯನ್ನು ತಾನಾಗಿ ತರಿಸುವ ಅಧಿಕಾರ ಕಾಯಿದೆಯಲ್ಲಿಲ್ಲ. ಬಂದವರು ತಮ್ಮ ಇಚ್ಛೆಯಿಂದ ತಾವೇ ತೆಗೆದು ತೋರಿಸಿದರೆ ನೋಡಬಹುದು. ನೋಡಿ ಹಿಂದಿರುಗಿಸಿರಿ. ಅದರಲ್ಲಿ ಖಾತೆಗಳ ವಿವರ, ಪ್ಯಾನ್ ಸಂಖ್ಯೆ, ಹಳೆಯ ವಿಳಾಸಗಳು ಇರುತ್ತವೆ. ಅದರ ಪ್ರತಿ ನಮ್ಮ ಕಪಾಟಿನಲ್ಲಿ ಬಿದ್ದಿರಬಾರದು. ಒಬ್ಬರಿಗೆ ಕೇಳಿದ ಪ್ರಶ್ನೆಯನ್ನೇ ಎಲ್ಲರಿಗೂ ಕೇಳಿರಿ. ಸೂಟು ತೊಟ್ಟವನಿಗೆ ಚಹಾ, ಲುಂಗಿ ಉಟ್ಟವನಿಗೆ ವರದಿ ಎಂದಾಗಬಾರದು. ಜರ್ಮನಿಯಲ್ಲಿ ಮನೆ ಕೇಳುವವರು ‘ಶೂಫಾ’ ಎಂಬ ಸಂಸ್ಥೆಯ ಪತ್ರ ಒಯ್ಯುವುದು ರೂಢಿ. ಅಮೇರಿಕದಲ್ಲಿಯೂ ಮನೆಯ ಒಡೆಯರು ಇಂಥ ವರದಿ ನೋಡುತ್ತಾರೆ. ಆದರೆ ಅಲ್ಲಿ 1970ರ ಒಂದು ಕಾಯಿದೆಯ ಪ್ರಕಾರ, ವರದಿಯ ಕಾರಣದಿಂದ ಮನೆ ನಿರಾಕರಿಸಿದರೆ ಹಾಗೆಂದು ತಿಳಿಸಲೇಬೇಕು, ಯಾವ ಸಂಸ್ಥೆಯ ವರದಿಯೆಂಬುದನ್ನೂ ಹೇಳಬೇಕು. ತಪ್ಪಿದ್ದರೆ ಅವನು ತಿದ್ದಿಸಿಕೊಳ್ಳಲಿ ಎಂಬುದು ಉದ್ದೇಶ. ನಮ್ಮಲ್ಲಿ ಅಂಥ ಕಟ್ಟಳೆ ಇಲ್ಲ. ನಾನು ಮೆಟ್ಟಿಲ ಮೇಲೆ ನಿಂತು ಹೇಳಿದಂಥ ಸುಳ್ಳು ಇಲ್ಲಿ ಸಲೀಸಾಗಿ ಸಲ್ಲುತ್ತದೆ.

ಗೋವೆಯ ಮನೆಯೊಡೆಯರಿಗೆ ಬಾಡಿಗೆದಾರರ ಅಂಜಿಕೆ ಹೆಚ್ಚೆಂಬುದನ್ನೂ ಒಪ್ಪಬೇಕು. 1968ರ ಬಾಡಿಗೆ ನಿಯಂತ್ರಣ ಕಾಯಿದೆಯ ಕೆಳಗೆ ಮನೆ ಬಿಡಿಸುವುದು ಸುಲಭವಲ್ಲ. ಅದಕ್ಕಾಗಿ ಮನೆಗಳನ್ನು ಕೀಲಿ ಹಾಕಿ ಇಡುವವರೂ ಇದ್ದಾರೆ. ಹನ್ನೊಂದು ತಿಂಗಳ ಕರಾರು ಮಾಡುವ ರೂಢಿ ಬಂದದ್ದು ವರ್ಷ ಮೀರಿದ ಬಾಡಿಗೆಪತ್ರವನ್ನು ನೋಂದಾಯಿಸಬೇಕೆಂಬ ಕಾರಣದಿಂದ. ಕರಾರು ಮಾಡಿಕೊಳ್ಳಿರಿ, ಬಾಡಿಗೆದಾರನ ವಿವರದ ಅರ್ಜಿಯನ್ನು ಪೊಲೀಸ್ ಠಾಣೆಗೆ ತಪ್ಪದೆ ಕೊಡಿರಿ. ಅದು ನಿಯಮ, ಅದರ ಮಾತು ಬೇರೆ, ಪತ್ತಿನ ಮಾತು ಬೇರೆ.

ಇನ್ನು ಮನೆ ಹುಡುಕುತ್ತಿರುವ ವಾಚಕರಿಗೆ. ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂಬ ಆಜ್ಞೆ 2017ರಿಂದ ಇದೆ. ನಮ್ಮ ವರದಿಯನ್ನು ನಾವೇ ತೆಗೆದು ನೋಡಿದರೆ ಅಂಕ ಇಳಿಯುವುದಿಲ್ಲ. ತಪ್ಪಿದ್ದರೆ ದೂರು ಕೊಡಿರಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ಫೋಂಡಾದ ವಾಚಕರೊಬ್ಬರು ತಮ್ಮ ಅಂಕ ಏಕೆ ಬಿದ್ದಿತೆಂದು ತಿಳಿಯದೆ ಒದ್ದಾಡುತ್ತಿದ್ದರು. ನೋಡಿದರೆ ಊರಿನಲ್ಲಿ ಭಾವಮೈದುನನ ಟ್ರ್ಯಾಕ್ಟರಿನ ಸಾಲಕ್ಕೆ ಜಾಮೀನು ನಿಂತಿದ್ದರು. ಜಾಮೀನಿನ ಸಾಲವೂ ಜಾಮೀನುದಾರನ ವರದಿಯಲ್ಲಿ ಬರುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ಊಟದ ಎಲೆಯ ಮುಂದೆ ಹಾಕಿದ ಸಹಿಗಳನ್ನು ನಮ್ಮವರು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು. ಸಾಲವೇ ಇಲ್ಲದವರು ಬಾಡಿಗೆಯ ರಸೀದಿಗಳನ್ನು ಒಟ್ಟುಮಾಡಿ ಇಡಿರಿ, ಅಥವಾ ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ನಿಮ್ಮ ಪತ್ತಿನ ಸಾಕ್ಷಿ ಅದೊಂದೇ.

ನಮ್ಮ ಮೇಲ್ಮಹಡಿಯ ಬಾಡಿಗೆ ಪ್ರತಿ ತಿಂಗಳೂ 5ನೆಯ ತಾರೀಖಿನೊಳಗೆ ಬರುತ್ತಿದೆ. ಒಂದು ತಿಂಗಳು 11ಕ್ಕೆ ಬಂದಿತು, ಮುಂದಾಗಿಯೇ ಹೇಳಿದ್ದರು.

ಗೌಂಡಿಯವರನ್ನು ನಾನು ಮರುದಿನವೇ ಹುಡುಕಿಸಿದ್ದೆ. ಫೋನ್ ಸಂಖ್ಯೆಯನ್ನು ಕೇಳಿಯೇ ಇರಲಿಲ್ಲವಾದುದರಿಂದ ಸಿಗಲಿಲ್ಲ. ಮೂರು ತಿಂಗಳ ಮೇಲೆ ವಾಸ್ಕೋದ ಬುಧವಾರದ ಸಂದಣಿಯಲ್ಲಿ ಎದುರಾದರು. ಕುಠ್ಠಾಳಿಯ ಆಚೆ ಒಂದು ಕೋಣೆ ಹಿಡಿದಿದ್ದಾರೆ. ಮಗಳು ಎರಡು ಬಸ್ಸು ಬದಲಿಸಿ ಕನ್ನಡ ಶಾಲೆಗೆ ಬರುತ್ತಾಳೆ. ಮಳೆಗಾಲದಲ್ಲಿ ಬಿಡಿಸಿಬಿಡೋಣವೆಂದು ಒಮ್ಮೆ ಮಾತಾಯಿತಂತೆ, ತಾಯಿ ಒಪ್ಪಲಿಲ್ಲವಂತೆ. ಅಂದು ಮನೆ ಬೇರೆಯವರಿಗೆ ಮಾತಾಗಿರಲಿಲ್ಲ, ಆ −1ನ್ನು ನಾವು ತಪ್ಪಾಗಿ ಓದಿದೆವು ಎಂದು ಹೇಳಿದೆ. “ಗೊತ್ತಿತ್ರಿ ಕಾಕಾರ” ಎಂದರು, ಮತ್ತೇನೂ ಹೇಳಲಿಲ್ಲ. ಈಗಿನ ಮನೆಯವನು ನಗದು ತೆಗೆದುಕೊಳ್ಳುತ್ತಾನೆ, ರಸೀದಿ ಕೊಡುವುದಿಲ್ಲ. ಪಕ್ಕದ ಅಂಗಡಿಯಲ್ಲಿ ಕಾರ್ಬನ್ ಹಾಳೆ ಇರುವ ರಸೀದಿ ಪುಸ್ತಕ ಕೊಂಡು ಅವರ ಕೈಗಿತ್ತೆ. ತಿಂಗಳು, ಮೊಬಲಗು, ತಾರೀಖು ನೀವೇ ಬರೆದಿಡಿ, ಅವನು ಸಹಿ ಮಾಡಿದರೆ ಸಾಕು ಎಂದೆ. ಮೊದಲ ಮೂರು ತಿಂಗಳಿನವನ್ನು ಅಲ್ಲಿಯೇ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಸೇರಿ ಬರೆದೆವು.